ಕರೆಂಟಿಲ್ಲದ ತೋಟದಲ್ಲಿ ವೆಲ್ಡಿಂಗ್: ಎಂಜಿನ್ ವೆಲ್ಡರ್ ತಗೊಳ್ಳಲಾ, ಬರೀ ಜನರೇಟರ್ ಸಾಕಾ?

ಮಾದಾಪುರ_ವೆಲ್ಡರ್

ಎಲ್ಲರಿಗೂ ನಮಸ್ಕಾರ. ಕೊಡಗಿನ ಮಾದಾಪುರದ ಹತ್ತಿರ ಸಣ್ಣದಾಗಿ ಫ್ಯಾಬ್ರಿಕೇಶನ್ ಕೆಲಸ ಮಾಡುತ್ತೇನೆ. ನಾನು, ಒಬ್ಬ ಹುಡುಗ, ಒಂದು ಹಳೇ ಪಿಕಪ್ ಜೀಪು. ಇಷ್ಟೇ ನಮ್ಮ ಕಂಪನಿ. ಶೆಡ್ಡಿನಲ್ಲಿ ಕೂತು ಮಾಡುವ ಕೆಲಸ ಕಡಿಮೆ, ಹೆಚ್ಚಿನದೆಲ್ಲ ತೋಟದೊಳಗೆ: ಗೇಟು, ಕಣದ ಪಕ್ಕದ ಶೆಡ್ಡಿಗೆ ಟ್ರಸ್, ಲೈನ್ ಮನೆಗೆ (ಕೆಲಸದವರ ಸಾಲುಮನೆ) ಶೀಟ್ ಹಾಕಲು ಫ್ರೇಮು, ಹೋಂಸ್ಟೇ ಮೆಟ್ಟಿಲು.

ತೊಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ಕೆಲವು ಕಡೆ ಕರೆಂಟೇ ಇಲ್ಲ. ಇದ್ದ ಕಡೆಯೂ ಲೈನಿನ ಕೊನೆಗೆ ವೋಲ್ಟೇಜ್ 170 ದಾಟುವುದಿಲ್ಲ, ಪಕ್ಕದ ತೋಟದವರು ಸ್ಪ್ರಿಂಕ್ಲರ್ ಪಂಪು ಹಾಕಿದರಂತೂ ರಾಡು ಅಂಟಿಕೊಂಡು ಕೂರುತ್ತದೆ. ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ಮೂರು ದಿನ ಕೇಳುವುದೇ ಬೇಡ.

ಈಗ 200 ಆಂಪ್ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಇದೆ. ಗೆಳೆಯನೊಬ್ಬನ 3 ಕೆವಿಎ ಪೆಟ್ರೋಲ್ ಜನರೇಟರಿಗೆ ಹಾಕಿ ನೋಡಿದೆ. 2.5 ಎಂಎಂ ರಾಡು ಹೇಗೋ ಉರಿಯಿತು. 3.15 ಹಚ್ಚಿದ ಕೂಡಲೇ ಜನರೇಟರ್ ನರಳಿ ಟ್ರಿಪ್ ಆಯಿತು.

ಅಂಗಡಿಯವರು ಎಂಜಿನ್ ವೆಲ್ಡರ್ ತೋರಿಸಿದರು, ವೆಲ್ಡಿಂಗೂ ಜನರೇಟರೂ ಒಂದರಲ್ಲೇ, 190 ಆಂಪ್. ಒಂದೂವರೆ ಲಕ್ಷದೊಳಗೆ ಏನು ತಗೊಂಡರೆ ಆಮೇಲೆ ತಲೆ ಚಚ್ಚಿಕೊಳ್ಳುವುದು ತಪ್ಪುತ್ತದೆ, ಅನುಭವ ಇರುವವರು ಹೇಳಿ.

ಹಳೇ_ಲಿಸ್ಟರ್

ತಮ್ಮಾ, ಮೊದಲು ಮೂರು ಪ್ರಶ್ನೆ. ಯಾವ ರಾಡು ಜಾಸ್ತಿ ಉರಿಸುತ್ತೀರಿ? ದಿನಕ್ಕೆ ಎಷ್ಟು ಪ್ಯಾಕೆಟ್? ಜೀಪು ನಿಂತ ಜಾಗದಿಂದ ಕೆಲಸದ ಜಾಗಕ್ಕೆ ಎಷ್ಟು ದೂರ ಹೊರಬೇಕು? ಅಂಗಡಿಯವರು ಮೊದಲಿನ ಎರಡನ್ನಾದರೂ ಕೇಳುತ್ತಾರೆ, ಮೂರನೆಯದನ್ನು ಯಾರೂ ಕೇಳುವುದಿಲ್ಲ.

ನನ್ನ ಹತ್ತಿರ ಡೀಸೆಲ್ ವೆಲ್ಡಿಂಗ್ ಸೆಟ್ ಇತ್ತು. 1500 ಆರ್‌ಪಿಎಂನಲ್ಲಿ ಓಡುವಂಥದ್ದು. ಆರ್ಕ್ ಅಂದರೆ ಬೆಣ್ಣೆ. 4 ಎಂಎಂ ರಾಡು ಬೆಳಿಗ್ಗೆಯಿಂದ ಸಂಜೆವರೆಗೆ ಉರಿಸಿದರೂ ಕೆಮ್ಮುತ್ತಿರಲಿಲ್ಲ. ಆದರೆ ತೂಕ ಕಾಲು ಟನ್ ಮೇಲೆ. ಒಂದು ಜುಲೈನಲ್ಲಿ ಗಾಳಿಬೀಡು ಕಡೆ ತೋಟದ ರಸ್ತೆಯಲ್ಲಿ ಟ್ರಾಲಿ ಸಮೇತ ಹೂತುಹೋಯಿತು. ಟ್ರ್ಯಾಕ್ಟರ್ ಕರೆಸಿ ಎಳೆಸಬೇಕಾಯಿತು. ಟ್ರ್ಯಾಕ್ಟರ್ ಬಾಡಿಗೆ ಕೊಟ್ಟ ಮೇಲೆ ಆ ಗೇಟಿನ ಕೆಲಸದಲ್ಲಿ ನನಗೆ ಉಳಿದದ್ದು ಒಂದು ಊಟ.

ಮಾದಾಪುರ_ವೆಲ್ಡರ್

ಅಣ್ಣ, ಮಾಮೂಲಿ 6013 ರಾಡೇ ಜಾಸ್ತಿ. ಸ್ಕ್ವೇರ್ ಪೈಪಿಗೆ 12 ಗೇಜು (2.5 ಎಂಎಂ), ಆಂಗಲ್, ಚಾನೆಲ್‌ಗೆ 10 ಗೇಜು (3.15). 8 ಗೇಜು (4 ಎಂಎಂ) ವರ್ಷಕ್ಕೆ ಎರಡು ಮೂರು ಸಲ. ದಿನಕ್ಕೆ ಒಂದು ಪ್ಯಾಕೆಟ್ಟೂ ಖಾಲಿಯಾಗುವುದಿಲ್ಲ, ಅರ್ಧ ದಿನ ಕಟಿಂಗು, ಅಳತೆ, ನಿಲ್ಲಿಸುವುದು ಇದರಲ್ಲೇ ಹೋಗುತ್ತದೆ. ಹೊರುವುದು 50 ಮೀಟರಿನಿಂದ 200 ಮೀಟರ್ ತನಕ, ಅದೂ ಇಳಿಜಾರು.

ಕುಶಾಲನಗರ_ಎಲೆಕ್ಟ್ರಿಷಿಯನ್

ಹಾಗಾದರೆ ಲೆಕ್ಕ ಹಾಕೋಣ. ನೀವು ಉರಿಸುವ 3.15 ರಾಡಿಗೆ 120 ಆಂಪ್ ಅಂದುಕೊಳ್ಳಿ. ಆರ್ಕಿನ ವೋಲ್ಟೇಜಿಗೆ ಒಂದು ಸುಲಭ ಸೂತ್ರ ಇದೆ: 20 ಕ್ಕೆ ಆಂಪ್‌ನ ನೂರರಲ್ಲಿ ನಾಲ್ಕು ಪಾಲು ಸೇರಿಸುವುದು. 120 ಕ್ಕೆ 4.8, ಒಟ್ಟು 24.8 ವೋಲ್ಟ್. ಗುಣಿಸಿದರೆ ಸುಮಾರು 3 ಕಿಲೋವ್ಯಾಟ್. ಮೆಷಿನ್ ಒಳಗೆ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ, ಹಾಗಾಗಿ ಜನರೇಟರಿನಿಂದ ಎಳೆಯುವುದು 3.7 ಹತ್ತಿರ.

ಇಲ್ಲಿಗೆ ಮುಗಿಯಲಿಲ್ಲ. ಸಾದಾ ಇನ್ವರ್ಟರ್ ಮೆಷಿನ್ನು ಕರೆಂಟನ್ನು ಸಮವಾಗಿ ಎಳೆಯುವುದಿಲ್ಲ, ಅಲೆಯ ತುದಿಯಲ್ಲಿ ಮಾತ್ರ ಗಬಗಬ ಅಂತ ಎಳೆಯುತ್ತದೆ. ಪವರ್ ಫ್ಯಾಕ್ಟರ್, ಅಂದರೆ ನಿಜವಾಗಿ ಬಳಸುವ ಕಿಲೋವ್ಯಾಟಿಗೂ ಜನರೇಟರ್ ಹೊರಬೇಕಾದ ಕೆವಿಎಗೂ ಇರುವ ಅನುಪಾತ, 0.7 ಆಸುಪಾಸು. ಅಂದರೆ ಜನರೇಟರಿಗೆ ಅದು 5 ಕೆವಿಎ ಮೇಲಿನ ಲೋಡು. ನಿಮ್ಮ ಗೆಳೆಯನ 3 ಕೆವಿಎ ಯಾಕೆ ನರಳಿತು ಅಂತ ಈಗ ಗೊತ್ತಾಯಿತಲ್ವಾ? 2.5 ರಾಡಿಗೆ 80 ಆಂಪ್‌ನಲ್ಲಿ ಇದೇ ಲೆಕ್ಕ ಹಾಕಿದರೂ 3.3 ಕೆವಿಎ ಬರುತ್ತದೆ. ಅದು ಉರಿದದ್ದೇ ದೊಡ್ಡದು.

ಇನ್ನೊಂದು, ಬಯಲುಸೀಮೆಯವರಿಗೆ ಇಲ್ಲದ ತಲೆನೋವು. ಟರ್ಬೊ ಇಲ್ಲದ ಎಂಜಿನ್ನು ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 3.5% ಶಕ್ತಿ ಕಳೆದುಕೊಳ್ಳುತ್ತದೆ. ಮಡಿಕೇರಿ ಇರುವುದು 1,150 ಮೀಟರ್ ಮೇಲೆ. ಅಲ್ಲಿಗೆ 13% ಹೋಯಿತು. ಜನರೇಟರಿನ ಬೋರ್ಡಿನ ಮೇಲೆ 5.5 ಕಿಲೋವ್ಯಾಟ್ ಅಂತ ಇದ್ದರೆ ನಿಮ್ಮ ಕೈಗೆ 4.8 ಅಂತ ಇಟ್ಟುಕೊಳ್ಳಿ. ಅದೂ ಮ್ಯಾಕ್ಸ್ ಅಂತ ದಪ್ಪ ಅಕ್ಷರದಲ್ಲಿ ಇರುವ ನಂಬರ್ ಅಲ್ಲ, ಸತತವಾಗಿ ಕೊಡುವ ಶಕ್ತಿಗೆ ರೇಟೆಡ್ ಅಂತ ಸಣ್ಣದಾಗಿ ಬರೆದಿರುತ್ತಾರಲ್ಲ, ಅದು.

ಮಂಟಪದ_ಹುಡುಗ

ನನ್ನ ಓಟು ಜನರೇಟರ್, ವೆಲ್ಡಿಂಗ್ ಮೆಷಿನ್ ಬೇರೆಬೇರೆ ತಗೊಳ್ಳುವುದಕ್ಕೆ. ಮಡಿಕೇರಿ ದಸರಾದ ಹತ್ತು ಮಂಟಪಗಳಲ್ಲಿ (ಟ್ರ್ಯಾಕ್ಟರ್ ಮೇಲೆ ಮೆರವಣಿಗೆ ಹೋಗುವ ಬೊಂಬೆ ದೃಶ್ಯಗಳು) ಒಂದಕ್ಕೆ ಪ್ರತಿ ವರ್ಷ ಫ್ರೇಮ್ ಕೆಲಸ ಮಾಡುತ್ತೇನೆ. ಬೊಂಬೆಗಳ ಕೈಕಾಲು ಆಡಿಸುವ ಪೈಪು, ಆಂಗಲ್ಲು ಎಲ್ಲ ಕೊನೇ ವಾರ ಹಗಲು ರಾತ್ರಿ ವೆಲ್ಡಿಂಗ್. ವಿಜಯದಶಮಿ ರಾತ್ರಿ ಟ್ರ್ಯಾಕ್ಟರ್ ಹೊರಟ ಮೇಲೂ ಎಲ್ಲೋ ಒಂದು ಜಾಯಿಂಟ್ ಕಿತ್ತುಕೊಳ್ಳುತ್ತದೆ, ನಡುರಸ್ತೆಯಲ್ಲಿ ಹಚ್ಚಬೇಕು, ಸುತ್ತ ಸಾವಿರಾರು ಜನ. ಆಗ ವೆಲ್ಡಿಂಗ್ ಮೆಷಿನ್ ಕೈಕೊಟ್ಟರೆ ಇನ್ನೊಂದನ್ನು ತಂದು ಅದೇ ಜನರೇಟರಿಗೆ ಚುಚ್ಚುತ್ತೇವೆ. ಒಂದರಲ್ಲೇ ಎರಡೂ ಇದ್ದು ಅದು ಕೆಟ್ಟರೆ ವೆಲ್ಡಿಂಗೂ ಇಲ್ಲ, ಲೈಟೂ ಇಲ್ಲ.

ಒಂದು ಎಚ್ಚರ. ಆಟೋ ಐಡಲ್ ಸ್ವಿಚ್ (ಲೋಡು ಇಲ್ಲದಾಗ ಎಂಜಿನ್ನನ್ನು ತಾನೇ ನಿಧಾನ ಮಾಡುವುದು) ಇರುವ ಜನರೇಟರಿನಲ್ಲಿ ವೆಲ್ಡಿಂಗ್ ಮಾಡುವಾಗ ಅದನ್ನು ಆಫ್ ಮಾಡಿ. ರಾಡು ತಾಗಿಸಿದಾಗ ಎಂಜಿನ್ ಎದ್ದು ಓಡುವಷ್ಟರಲ್ಲಿ ರಾಡು ಅಂಟಿರುತ್ತದೆ. ನಾನು ಇದು ಗೊತ್ತಿಲ್ಲದೆ ಒಂದು ರಾತ್ರಿ ಪೂರ್ತಿ ರಾಡಿಗೆ ಬೈದಿದ್ದೇನೆ.

ಸುಂಟಿಕೊಪ್ಪ_ಆರ್ಕ್

ಎಲ್ಲರೂ ಬೇರೆಬೇರೆ ಅಂತಿದ್ದೀರಿ, ನಾನು ಒಪ್ಪುವುದಿಲ್ಲ. ಎಂಟು ವರ್ಷದಿಂದ ಎಂಜಿನ್ ವೆಲ್ಡರ್ ಇಟ್ಟುಕೊಂಡಿದ್ದೇನೆ. 389 ಸಿಸಿ ಹೋಂಡಾ ಜಿಎಕ್ಸ್390 ಎಂಜಿನ್, ಒಳಗೆ ಡಿಸಿ ಔಟ್‌ಪುಟ್. ಅದರಲ್ಲಿ ಮಳೆ ನೀರು, ಧೂಳು, ಇರುವೆ ಹೊಕ್ಕು ಸುಟ್ಟುಹೋಗುವ ಸಣ್ಣ ಸರ್ಕ್ಯೂಟ್ ಬೋರ್ಡ್ ಇಲ್ಲ. ಇನ್ವರ್ಟರ್ ಮೆಷಿನ್ನು ನಮ್ಮ ಜುಲೈ ತಿಂಗಳಿಗೆ ಎಷ್ಟು ಬಾಳುತ್ತದೆ ಹೇಳಿ? ನನ್ನ ಎರಡು ಮೆಷಿನ್ನು ಥಂಡಿಗೇ ಹೋದವು.

ಆಮೇಲೆ, ಜನರೇಟರಿನಿಂದ ವೆಲ್ಡಿಂಗ್ ಮೆಷಿನ್, ಮೆಷಿನ್ನಿಂದ ಹೋಲ್ಡರ್ ಅಂತ ಎರಡೆರಡು ಗಂಟು ಯಾಕೆ? ಇದರಲ್ಲಿ ಕೇಬಲ್ ಎಳೆದರೆ ಮುಗಿಯಿತು.

ಕುಶಾಲನಗರ_ಎಲೆಕ್ಟ್ರಿಷಿಯನ್

ಸರ್ಕ್ಯೂಟ್ ಬೋರ್ಡಿನ ಮಾತು ನಿಜ, ಒಪ್ಪಿದೆ. ಕೇಬಲ್ ವಿಷಯಕ್ಕೆ ಮಾತ್ರ ಸ್ವಲ್ಪ ತಡೆಯಿರಿ.

ಎಂಜಿನ್ ವೆಲ್ಡರ್ ಜೀಪಿನ ಮೇಲಿದೆ, ಕೆಲಸ 30 ಮೀಟರ್ ಕೆಳಗಿದೆ ಅಂದುಕೊಳ್ಳಿ. ಹೋಗಿ ಬರುವ ಎರಡೂ ಕೇಬಲ್ ಸೇರಿ 60 ಮೀಟರ್. 35 ಸ್ಕ್ವೇರ್ ಎಂಎಂ ತಾಮ್ರ ಹಾಕಿದರೆ 120 ಆಂಪ್‌ನಲ್ಲಿ ದಾರಿಯಲ್ಲೇ 3.6 ವೋಲ್ಟ್ ಹೋಗುತ್ತದೆ. ಇರುವುದೇ 25 ವೋಲ್ಟು! ದುಡ್ಡು ಉಳಿಸಲು ಅದೇ ದಪ್ಪದ ಅಲ್ಯೂಮಿನಿಯಂ ಕೇಬಲ್ ತಂದರೆ 6 ವೋಲ್ಟ್ ಹತ್ತಿರ. ಆಗ ಡಯಲ್ ಎಷ್ಟು ತಿರುಗಿಸಿದರೂ ಆರ್ಕ್ ಸಪ್ಪೆ.

ಬದಲಿಗೆ ಜನರೇಟರನ್ನು ಜೀಪಿನ ಮೇಲೇ ಬಿಟ್ಟು 230 ವೋಲ್ಟಿನ ಎಕ್ಸ್‌ಟೆನ್ಶನ್ ಎಳೆಯಿರಿ, 4 ಸ್ಕ್ವೇರ್ ಎಂಎಂ ಮೂರು ಕೋರ್. 20 ಆಂಪಿಗೆ ಐದೂವರೆ ವೋಲ್ಟ್ ಹೋದರೂ 230 ರಲ್ಲಿ ಅದು ಲೆಕ್ಕಕ್ಕಿಲ್ಲ. ಎಂಟು ಕೆಜಿ ವೆಲ್ಡಿಂಗ್ ಮೆಷಿನ್ನನ್ನು ಹೆಗಲಿಗೆ ಹಾಕಿಕೊಂಡು ಕೆಲಸದ ಪಕ್ಕಕ್ಕೇ ಹೋಗಬಹುದು. ಇಳಿಜಾರು ತೋಟಕ್ಕೆ ಇದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ಆ ವೈರನ್ನು ಒದ್ದೆ ಹುಲ್ಲಿನ ಮೇಲೆ ಎಳೆಯುವಾಗ ಜಾಯಿಂಟ್ ಇರಬಾರದು, ಜನರೇಟರ್ ಪಕ್ಕದಲ್ಲಿ ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರಲೇಬೇಕು. ಬರೀ ಆರ್‌ಸಿಸಿಬಿ ಕೂರಿಸಿದರೆ ಸಾಲದು. ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲ್ ವೈರು ಜನರೇಟರಿನ ಲೋಹದ ಚೌಕಟ್ಟಿಗೆ ಸೇರಿರುವುದಿಲ್ಲ, ಹಾಗಿದ್ದರೆ ಅದು ಟ್ರಿಪ್ಪೇ ಆಗದೆ ಇರಬಹುದು. ಗೊತ್ತಿರುವ ಎಲೆಕ್ಟ್ರಿಷಿಯನ್ ಹತ್ತಿರ ಸರಿಮಾಡಿಸಿ.

ತೋಟದ_ರೈಟರ್

ನಾನು ವೆಲ್ಡರ್ ಅಲ್ಲ, ನಿಮ್ಮಂಥವರನ್ನು ಕರೆಸುವವನು. ನಮ್ಮ ಕಡೆಯ ಮಾತೂ ಕೇಳಿ.

2018 ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ರಸ್ತೆ, ಕರೆಂಟು ಎಲ್ಲ ಹೋದಾಗ ನಮ್ಮ ತೋಟದಲ್ಲಿ ನಡೆದದ್ದು ಒಂದೇ ಜನರೇಟರ್. ಅವತ್ತು ಅದರಲ್ಲಿ ವೆಲ್ಡಿಂಗ್ ಮಾಡಲಿಲ್ಲ. ಮೊಬೈಲ್ ಚಾರ್ಜ್ ಮಾಡಿದೆವು, ನೀರು ಎತ್ತಿದೆವು. ಹಾಗಾಗಿ ಬೇರೆ ಜನರೇಟರ್ ಇದ್ದರೆ ಊರಿಗೂ ಆಗುತ್ತದೆ ಅಂತ ನನ್ನ ಅನಿಸಿಕೆ.

ಇನ್ನೊಂದು ವಿಷಯ ಹೇಳಲೇಬೇಕು. ಒಮ್ಮೆ ಜೋರು ಮಳೆ, ಕೆಲಸಕ್ಕೆ ಬಂದವರು ಜನರೇಟರ್ ನೆನೆಯಬಾರದು ಅಂತ ಪಲ್ಪರ್ ಮನೆಯೊಳಗೆ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮನೆ) ಇಟ್ಟು ಬಾಗಿಲು ಅರ್ಧ ಎಳೆದು ಕೆಲಸ ಮಾಡುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ಒಬ್ಬ ತಲೆನೋವು ಅಂದ, ಆಮೇಲೆ ವಾಂತಿ. ಹೊರಗೆ ಎಳೆದು ತಂದು ಗಾಳಿಗೆ ಕೂರಿಸಿದೆವು, ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಪುಣ್ಯಕ್ಕೆ ಉಳಿದ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಮಳೆಗೆ ನಾಲ್ಕು ಕಂಬ ನೆಟ್ಟು ಮೇಲೆ ಒಂದು ಶೀಟ್ ಹಾಕಿ, ನಾಲ್ಕೂ ಕಡೆ ಬಯಲಿರಲಿ. ಒಳಗೆ ಮಾತ್ರ ಬೇಡ.

ಶಬ್ದದ ಬಗ್ಗೆಯೂ. ಹೋಂಸ್ಟೇಯಲ್ಲಿ ಗೆಸ್ಟ್ ಇದ್ದಾಗ ಬೆಳಿಗ್ಗೆ ಏಳಕ್ಕೆ ಜನರೇಟರ್ ಎಳೆದರೆ ಧಣಿಗಳು ನನ್ನನ್ನು ಕರೆಯುತ್ತಾರೆ, ನಿಮ್ಮನ್ನಲ್ಲ.

ಮಾದಾಪುರ_ವೆಲ್ಡರ್

ಅಯ್ಯೋ, ಪಲ್ಪರ್ ಮನೆ ಕತೆ ಕೇಳಿ ಮೈ ಜುಂ ಅಂತು. ನಾನೂ ಒಂದೆರಡು ಸಲ ಹಾಗೆ ಮಾಡಿದ್ದೇನೆ.

ಒಂದು ಅನುಮಾನ. ಆನೆ ತಡೆಗೆ ಹಳೇ ರೈಲ್ವೆ ಕಂಬಿ ಹಾಕುತ್ತಾರಲ್ಲ, ಅದೇ ರೀತಿ ತಮ್ಮ ಗೇಟಿನ ಪಕ್ಕ ಎರಡು ಕಂಬಿ ನಿಲ್ಲಿಸಿ ಕೊಡಿ ಅಂತ ಒಬ್ಬರು ಕೇಳಿದ್ದಾರೆ. ಅದಕ್ಕೆ 190 ಆಂಪ್ ಬೇಕಾಗುತ್ತದಾ?

ಹಳೇ_ಲಿಸ್ಟರ್

ಅದು ಆಂಪಿನ ಪ್ರಶ್ನೆ ಅಲ್ಲ ತಮ್ಮಾ. ರೈಲು ಕಂಬಿಯಲ್ಲಿ ಕಾರ್ಬನ್ ಜಾಸ್ತಿ. 6013 ಹಾಕಿ ಸುಮ್ನೆ ಅಂಟಿಸಿದರೆ ನೋಡಲು ಚೆನ್ನಾಗಿರುತ್ತದೆ, ತಣ್ಣಗಾಗುವಾಗ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಆನೆ ಒಮ್ಮೆ ಒರಗಿದರೆ ಸಾಕು. ಕಂಬಿಯನ್ನು ಚೆನ್ನಾಗಿ ಬಿಸಿ ಮಾಡಿ, 7018 ರಾಡು ಹಾಕಿ, ನಿಧಾನ ತಣ್ಣಗಾಗಲು ಬಿಡಬೇಕು. ಆಗುವುದಾದರೆ ತೂತು ಕೊರೆದು ಬೋಲ್ಟ್ ಹಾಕಿ, ರಗಳೆಯೇ ಬೇಡ.

7018 ಅಂದರೆ ಇನ್ನೊಂದು ಕತೆ. ಆ ರಾಡು ತೇವ ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ಪ್ಯಾಕೆಟ್ ಬಿಚ್ಚಿ ಒಂದು ಬೆಳಿಗ್ಗೆ ಹೊರಗಿಟ್ಟರೆ ಕೆಟ್ಟಿತು ಅಂತಲೇ ಲೆಕ್ಕ. 300 ಡಿಗ್ರಿ ಮೇಲೆ ಓವನ್‌ನಲ್ಲಿ ಒಂದು ಗಂಟೆ ಒಣಗಿಸಬೇಕು, ಬಿಸಿಲಿಗೆ ಇಟ್ಟರೆ ಆಗುವುದಿಲ್ಲ, ಒಲೆ ಮೇಲಿನ ಅಟ್ಟದಲ್ಲಿ ಕಾಫಿ ಬೀಜದ ಪಕ್ಕ ಇಟ್ಟರಂತೂ ಆಗುವುದೇ ಇಲ್ಲ (ಇಟ್ಟವರನ್ನು ನೋಡಿದ್ದೇನೆ). 6013 ಅಷ್ಟು ನಾಜೂಕಲ್ಲ, 100 ಡಿಗ್ರಿ ಸುತ್ತ ಬೆಚ್ಚಗೆ ಮಾಡಿದರೆ ಸಾಕು.

ಸುಂಟಿಕೊಪ್ಪ_ಆರ್ಕ್

7018 ಹಾಕುವುದಾದರೆ ಮೆಷಿನ್ನಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಆರ್ಕ್ ಹಚ್ಚುವ ಮೊದಲು ಹೋಲ್ಡರಿನಲ್ಲಿ ಇರುವುದು) ನೋಡಿ. ಸಸ್ತಾ ಇನ್ವರ್ಟರುಗಳಲ್ಲಿ 60 ಕ್ಕಿಂತ ಕಡಿಮೆ ಇರುತ್ತದೆ, ಆರ್ಕ್ ಆಗಾಗ ಕಡಿಯುತ್ತದೆ. ನನ್ನ ಎಂಜಿನ್ ವೆಲ್ಡರ್ ಇದರಲ್ಲಿ ರಾಜ.

ಆದರೆ ನ್ಯಾಯವಾಗಿ ಹೇಳಬೇಕಂದರೆ ನನ್ನ ಮೆಷಿನ್ನಿನ ದೌರ್ಬಲ್ಯವೂ ಇದೆ. ನಾನು ವೆಲ್ಡಿಂಗ್ ಮಾಡುವಾಗ ಹುಡುಗ ಅದೇ ಮೆಷಿನ್ನಿನ ಪ್ಲಗ್ಗಿಗೆ ಗ್ರೈಂಡರ್ ಹಾಕಿದರೆ ಎರಡೂ ಕುಂಟುತ್ತವೆ. ಎಂಜಿನ್ ಒಂದೇ ಅಲ್ವಾ, ವೆಲ್ಡಿಂಗಿಗೆ ಕೊಟ್ಟದ್ದು ಪ್ಲಗ್ಗಿಗೆ ಇಲ್ಲ. ಬೋರ್ಡಿನ ಮೇಲೆ 190 ಆಂಪ್, 4 ಕಿಲೋವ್ಯಾಟ್ ಅಂತ ಎರಡೂ ಬರೆದಿದ್ದರೆ ಅದು ಇದು ಅಥವಾ ಅದು, ಒಟ್ಟಿಗೆ ಅಲ್ಲ. ಮ್ಯಾನ್ಯುಯಲ್‌ನಲ್ಲಿ ಇದಕ್ಕೇ ಒಂದು ಪಟ್ಟಿ ಇರುತ್ತದೆ, ಅಂಗಡಿಯಲ್ಲೇ ತೆರೆಸಿ ನೋಡಿ. ಡ್ಯೂಟಿ ಸೈಕಲ್ಲೂ ನೋಡಿ. 190 ಆಂಪಿಗೆ 30% ಅಂದರೆ ಹತ್ತು ನಿಮಿಷದಲ್ಲಿ ಮೂರು ನಿಮಿಷ ಮಾತ್ರ ಉರಿಸಬಹುದು.

ಮಂಟಪದ_ಹುಡುಗ

ಯೂಟ್ಯೂಬಿನಲ್ಲಿ ಅಮೆರಿಕದವರ ಬಾಬ್‌ಕ್ಯಾಟ್, ರೇಂಜರ್ ಎಂಜಿನ್ ವೆಲ್ಡರ್ ನೋಡಿ ಆಸೆ ಪಡಬೇಡಿ ಮಾರಾಯ್ರೆ. 200 ಕೆಜಿ ದಾಟಿದ ಮೆಷಿನ್ನುಗಳು, ಲಾರಿ ಮೇಲೆ ಕೂರಿಸಿಟ್ಟುಕೊಳ್ಳುವವರಿಗೆ. ಅಲ್ಲಿಯದು 3600 ಆರ್‌ಪಿಎಂ, 60 ಹರ್ಟ್ಸ್, 120 ವೋಲ್ಟ್ ಪ್ಲಗ್ಗು. ನಮ್ಮದು 3000, 50 ಹರ್ಟ್ಸ್, 230. ಸೆಕೆಂಡ್ ಹ್ಯಾಂಡ್ ಆಮದು ಮೆಷಿನ್ ಅಂತ ಯಾರಾದರೂ ತೋರಿಸಿದರೆ ಮೊದಲು ಇದನ್ನು ಕೇಳಿ.

ಹಳೇ_ಲಿಸ್ಟರ್

ಪೆಟ್ರೋಲ್ ತಗೊಳ್ಳುವುದಾದರೆ ಮಳೆಗಾಲದಲ್ಲಿ ಎರಡು ತಿಂಗಳು ಸುಮ್ನೆ ಇಡಬೇಡಿ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ನಮ್ಮಲ್ಲಿ ತೇವಕ್ಕೇನು ಬರ? ಇಡುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಇರುವುದು ಖಾಲಿಯಾಗುವ ತನಕ ಎಂಜಿನ್ ಓಡಿಸಿ. ಹೊಸ ಎಂಜಿನ್ನಿಗೆ ಮೊದಲ 20 ಗಂಟೆಗೆ ಆಯಿಲ್ ಬದಲಿಸಿ, ಆಮೇಲೆ 100 ಗಂಟೆಗೊಮ್ಮೆ.

ಇಳಿಜಾರಿನಲ್ಲಿ ಇಟ್ಟು ಸ್ಟಾರ್ಟ್ ಆಗುತ್ತಿಲ್ಲ ಅಂತ ಹಗ್ಗ ಎಳೆದು ಎಳೆದು ಭುಜ ಕಳಚಿಕೊಳ್ಳಬೇಡಿ. ಆಯಿಲ್ ಕಡಿಮೆ ಅಂತ ಸೆನ್ಸರ್ ಎಂಜಿನ್ನನ್ನು ತಡೆಯುತ್ತಿರುತ್ತದೆ. ಎರಡು ಕಲ್ಲು ಕೊಟ್ಟು ಮಟ್ಟ ಮಾಡಿ, ಒಂದೇ ಎಳೆತಕ್ಕೆ ಏಳುತ್ತದೆ.

ಮಾದಾಪುರ_ವೆಲ್ಡರ್

ಹದಿನೈದು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎರಡನ್ನೂ ಒಂದೊಂದು ದಿನ ಬಾಡಿಗೆಗೆ ತಂದು ಒಂದೇ ಸೈಟಿನಲ್ಲಿ ನೋಡಿದೆ. ಮಕ್ಕಂದೂರು ಕಡೆ ಒಂದು ಶೆಡ್ಡು.

ಮೊದಲ ದಿನ 190 ಆಂಪ್ ಎಂಜಿನ್ ವೆಲ್ಡರ್. 10 ಗೇಜು ರಾಡಿಗೆ ಆರ್ಕ್ ತುಂಬಾ ಚೆನ್ನಾಗಿತ್ತು, ಸುಂಟಿಕೊಪ್ಪದ ಅಣ್ಣ ಹೇಳಿದ್ದು ಸುಳ್ಳಲ್ಲ. 8 ಗೇಜು ಹಚ್ಚಿ, ಹುಡುಗ ನಾಲ್ಕಿಂಚು ಗ್ರೈಂಡರ್ ಒತ್ತಿದ ಕೂಡಲೇ ಎಂಜಿನ್ ಕುಗ್ಗಿತು. ಜೀಪಿನಿಂದ ಇಳಿಸಿ 80 ಮೀಟರ್ ಕೆಳಗೆ ಒಯ್ಯಲು ನಾಲ್ಕು ಜನ, ವಾಪಸ್ ಹತ್ತಿಸಲು ಆರು ಜನ. ಕಾಫಿ ಕೊಯ್ಯುತ್ತಿದ್ದವರನ್ನು ಬೇಡಿ ಕರೆತಂದೆ, ಅವರಿಗೆ ಟೀ ಬನ್ನು ನನ್ನ ಲೆಕ್ಕ.

ಎರಡನೇ ದಿನ ರೇಟೆಡ್ 5.5 ಕಿಲೋವ್ಯಾಟಿನ ಪೆಟ್ರೋಲ್ ಜನರೇಟರ್, ವೋಲ್ಟೇಜ್ ಸ್ಥಿರವಾಗಿಡುವ ಎವಿಆರ್ ಇರುವುದು. ನನ್ನ ಹಳೇ ಇನ್ವರ್ಟರ್ ಮೆಷಿನ್ನು 10 ಗೇಜಿಗೆ ಉರಿಯಿತು, ಆದರೆ ಜೊತೆಗೆ ಗ್ರೈಂಡರ್ ಹಾಕಿದರೆ ಇಲ್ಲೂ ಕುಂಟಿತು. ಆಮೇಲೆ ಅಂಗಡಿಯವರು ಪವರ್ ಫ್ಯಾಕ್ಟರ್ ಸರಿಪಡಿಸುವ ಪಿಎಫ್‌ಸಿ ಇರುವ ಮೆಷಿನ್ ಕೊಟ್ಟಿದ್ದರು, ಅದನ್ನು ಹಾಕಿದೆ. ಅದೇ ಜನರೇಟರ್, ಅದೇ ರಾಡು, ಗ್ರೈಂಡರೂ ಓಡುತ್ತಿದೆ, ಏನೂ ಆಗಲಿಲ್ಲ! 14 ಇಂಚಿನ ಕಟಿಂಗ್ ಮೆಷಿನ್ ಮಾತ್ರ ವೆಲ್ಡಿಂಗ್ ನಿಲ್ಲಿಸಿಯೇ ಹಾಕಬೇಕು.

ಕುಶಾಲನಗರ_ಎಲೆಕ್ಟ್ರಿಷಿಯನ್

ಅದೇ ನಾನು ಹೇಳಿದ ಗಬಗಬ. ಪಿಎಫ್‌ಸಿ ಇದ್ದರೆ ಕರೆಂಟನ್ನು ಸಮವಾಗಿ ಎಳೆಯುತ್ತದೆ, ಪವರ್ ಫ್ಯಾಕ್ಟರ್ ಒಂದರ ಹತ್ತಿರ. 5 ಕೆವಿಎ ಇದ್ದ ಲೋಡು ಮೂರೂಮುಕ್ಕಾಲಕ್ಕೆ ಇಳಿಯುತ್ತದೆ. ಮೆಷಿನ್ನಿಗೆ ಸ್ವಲ್ಪ ದುಡ್ಡು ಜಾಸ್ತಿ, ಜನರೇಟರಿನಲ್ಲಿ ಅದು ಉಳಿಯುತ್ತದೆ. ತಗೊಳ್ಳುವಾಗ ವಿಆರ್‌ಡಿ ಇದೆಯಾ ಅಂತಲೂ ಕೇಳಿ. ರಾಡು ತಾಗಿಸದೆ ಇರುವಾಗ ಹೋಲ್ಡರಿನ ವೋಲ್ಟೇಜನ್ನು ತಗ್ಗಿಸಿ ಇಡುತ್ತದೆ. ಒದ್ದೆ ಗ್ಲೌಸಿನಲ್ಲಿ ಕೆಲಸ ಮಾಡುವ ನಮ್ಮ ಊರಿಗೆ ಅದು ಬೇಕು.

ಸುಂಟಿಕೊಪ್ಪ_ಆರ್ಕ್

ಸರಿ, ಸೋತೆ ಅಂತ ಬರೆದುಕೊಳ್ಳಿ. ಆದರೆ ಆ ಮೆಷಿನ್ನನ್ನು ರಾತ್ರಿ ಜೀಪಿನಲ್ಲಿ ಬಿಡಬೇಡಿ, ಮನೆಯೊಳಗೆ ಒಣ ಜಾಗದಲ್ಲಿ ಇಡಿ. ನನ್ನದು ಜೀಪಿನಲ್ಲೇ ಮಲಗುತ್ತದೆ, ಎಂಟು ವರ್ಷದಿಂದ.

ಮಾದಾಪುರ_ವೆಲ್ಡರ್

ಸೋಲು ಏನೂ ಇಲ್ಲ ಅಣ್ಣ. ನಾನು ದಿನವಿಡೀ 8 ಗೇಜು ಉರಿಸುವವನಾಗಿದ್ದರೆ, ಜೀಪು ಕೆಲಸದ ಪಕ್ಕಕ್ಕೇ ಹೋಗುವಂತಿದ್ದರೆ ನಿಮ್ಮದನ್ನೇ ತಗೊಳ್ಳುತ್ತಿದ್ದೆ. ನಿನ್ನೆ ಜನರೇಟರಿಗೂ ಪಿಎಫ್‌ಸಿ ಮೆಷಿನ್ನಿಗೂ ಅಡ್ವಾನ್ಸ್ ಕೊಟ್ಟು ಬಂದೆ. ಆರ್‌ಸಿಸಿಬಿ ಪೆಟ್ಟಿಗೆ, ನ್ಯೂಟ್ರಲ್ ಕೆಲಸ ಎರಡನ್ನೂ ಕುಶಾಲನಗರದ ಸರ್ ಹತ್ತಿರವೇ ಮಾಡಿಸೋಣ ಅಂತ.

ತೋಟದ_ರೈಟರ್

ಹಾಗಾದರೆ ಭಾನುವಾರ ನಮ್ಮ ತೋಟಕ್ಕೆ ಬನ್ನಿ, ಕಣದ ಗೇಟಿನ ಹಿಂಜ್ ಕಿತ್ತು ಎರಡು ತಿಂಗಳಾಯಿತು. ಹತ್ತು ಗಂಟೆ ಮೇಲೆ ಬನ್ನಿ, ಗೆಸ್ಟ್ ಇದ್ದಾರೆ.

ಮಾದಾಪುರ_ವೆಲ್ಡರ್

ಬರುತ್ತೇನೆ ಸರ್. ಪೆಟ್ರೋಲು ಯಾರ ಲೆಕ್ಕ?